ಎತ್ತಿಗೆ ಜ್ವರ, ಎಮ್ಮೆಗೆ ಬರೆ: ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿದ್ದ ಡಸ್ಟ್ ಕಲೆಕ್ಟರ್ ಫಿಲ್ಟರಿನ ಪ್ರಕರಣ

ಶನಿವಾರ ಸಂಜೆ ಡಸ್ಟ್ ಕಲೆಕ್ಟರಿನ, ಅಂದರೆ ಮರದ ದೂಳು ಹೀರುವ ಯಂತ್ರದ, ಫಿಲ್ಟರ್ ಊದಿ ಚೊಕ್ಕ ಮಾಡುವುದು, ಸೋಮವಾರ ಬೆಳಿಗ್ಗೆ ಎಳೆತ ಚೆನ್ನಾಗಿರುವುದು, ಬುಧವಾರ ಮಧ್ಯಾಹ್ನದ ಹೊತ್ತಿಗೆ ಟೇಬಲ್ ಸಾ (ಮೇಜಿನ ಗರಗಸ) ಸುತ್ತ ಮತ್ತೆ ದೂಳಿನ ರಂಗೋಲಿ. ಬೆಂಗಳೂರಿನ ಹೊರವಲಯದ ಒಂದು ಮರಗೆಲಸದ ಶೆಡ್ಡಿನಲ್ಲಿ ಮಳೆಗಾಲದ ಮೂರು ತಿಂಗಳು ಇದೇ ಪಾಡು. ಮೊದಲು ತಿಂಗಳಿಗೊಮ್ಮೆ ಇದ್ದ ಫಿಲ್ಟರ್ ಕೆಲಸ ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಕೊನೆಗೆ ಇನ್ನೊಂದು ತಲೆನೋವು ಸೇರಿತು: ಫಿಲ್ಟರಿನ ಹಿಂದಿನ ಗೋಡೆಯ ಮೇಲೆ, ಕಿಟಕಿಯ ಸರಳುಗಳ ಮೇಲೆ ಅಕ್ಕಿ ಹಿಟ್ಟಿನಂಥ ಬಿಳಿ ದೂಳು ಕೂರತೊಡಗಿತು. ಅಂದರೆ ಎಳೆತವೂ ಇಲ್ಲ, ಸೋಸುವಿಕೆಯೂ ಇಲ್ಲ.

ಶೆಡ್ಡಿನಲ್ಲಿ ನಡೆಯುವುದು ಮಾಡ್ಯುಲರ್ ಅಡುಗೆಮನೆ ಮತ್ತು ವಾರ್ಡ್‌ರೋಬ್ ಕೆಲಸ. ಮುಕ್ಕಾಲು ಪಾಲು ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ), ಉಳಿದದ್ದು ಪ್ಲೈವುಡ್, ಅಲ್ಲೊಂದು ಇಲ್ಲೊಂದು ತೇಗದ ಚೌಕಟ್ಟು. ಟೇಬಲ್ ಸಾ ಒಂದು, ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರವಾದ ಸಿಎನ್‌ಸಿ ರೂಟರ್ ಒಂದು, ಬೆಲ್ಟ್ ಸ್ಯಾಂಡರ್ ಒಂದು. ಮೂರಕ್ಕೂ 150 ಮಿ.ಮೀ. ತಗಡಿನ ಡಕ್ಟ್ (ಗಾಳಿಯ ಕೊಳವೆ), ಪ್ರತಿ ಕವಲಿಗೂ ಎಳೆದು ಮುಚ್ಚುವ ಗೇಟ್. ಡಕ್ಟ್ ಹೋಗಿ ಸೇರುವುದು ಗಾಳಿಯನ್ನು ಸುಳಿ ತಿರುಗಿಸಿ ದೂಳು ಬೇರ್ಪಡಿಸುವ ಸೈಕ್ಲೋನಿಗೆ. ಸೈಕ್ಲೋನಿನ ಕೆಳಗೆ 200 ಲೀಟರಿನ ತಗಡಿನ ಡ್ರಮ್, ಮೇಲೆ ಗಾಳಿ ಎಳೆಯುವ 3 ಎಚ್‌ಪಿ ಮೂರು ಫೇಸಿನ ಬ್ಲೋವರ್. ಬ್ಲೋವರಿನಿಂದ ಹೊರಬಿದ್ದ ಗಾಳಿ ನೆರಿಗೆ ಫಿಲ್ಟರಿನ ಒಳಗೆ ನುಗ್ಗಿ, ನೆರಿಗೆಗಳ ಮೂಲಕ ಸೋಸಿ ಶೆಡ್ಡಿಗೇ ವಾಪಸ್ ಬರುತ್ತದೆ. ಫಿಲ್ಟರಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

ಈ ಜೋಡಣೆಯಲ್ಲಿ ಒಂದು ಮಾತು ಮೊದಲೇ ತಲೆಯಲ್ಲಿರಬೇಕು: ಬ್ಲೋವರಿಗೆ ಮುಂಚಿನ ಎಲ್ಲ ಭಾಗವೂ, ಅಂದರೆ ಡಕ್ಟ್, ಸೈಕ್ಲೋನ್, ಡ್ರಮ್, ಹೀರುವ ಒತ್ತಡದಲ್ಲಿರುತ್ತದೆ. ಬ್ಲೋವರ್ ದಾಟಿದ ಮೇಲಿನದೆಲ್ಲ ಊದುವ ಒತ್ತಡದಲ್ಲಿರುತ್ತದೆ. ಫಿಲ್ಟರಿನ ಬಳಿ ಸಂದಿ ಬಿಟ್ಟರೆ ದೂಳು ಹೊರಗೆ ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಡ್ರಮ್ಮಿನ ಬಳಿ ಸಂದಿ ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಈ ಪ್ರಕರಣದ ಗಂಟು ಇದ್ದದ್ದು ಅಲ್ಲೇ.

ಊದುವ ಮೊದಲು ಅಳತೆ

ಫಿಲ್ಟರ್ ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ಕೈ ಹಿಡಿದು ನೋಡಿ ಹೇಳುವವರು ಬಹಳ. ಟೇಬಲ್ ಸಾ ಬಾಯಿಗೆ ಅಂಗೈ ಒಡ್ಡಿದರೆ ಎಳೆತ ಕಡಿಮೆ ಎಂದಷ್ಟೇ ಗೊತ್ತಾಗುತ್ತದೆ; ಫಿಲ್ಟರ್ ಕಟ್ಟಿದ್ದರಿಂದಲೋ, ಡಕ್ಟಿನಲ್ಲಿ ಚಿಂದಿ ಸಿಕ್ಕಿಕೊಂಡದ್ದರಿಂದಲೋ, ಬೇರೆ ಗೇಟ್ ತೆರೆದಿದ್ದರಿಂದಲೋ ಎನ್ನುವುದು ಅಂಗೈಗೆ ತಿಳಿಯದು. ಅದಕ್ಕೆ ಒತ್ತಡ ಅಳೆಯಬೇಕು. ಗಡಿಯಾರದಂಥ ಮಾಪಕಗಳು ಅಂಗಡಿಯಲ್ಲಿ ಸಿಗುತ್ತವೆ. ಇಲ್ಲಿ ಬಳಸಿದ್ದು ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪನ್ನೇ. ಎರಡು ಮೀಟರ್ ಪೈಪನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಹಲಗೆಗೆ ಕ್ಲಿಪ್ ಹೊಡೆದು, ಅರ್ಧಕ್ಕೆ ನೀರು ತುಂಬಿ, ಗೆರೆ ಎದ್ದು ಕಾಣಲು ನಾಲ್ಕು ಹನಿ ಶಾಯಿ ಬಿಟ್ಟು, ನಡುವೆ ಒಂದು ಸ್ಟೀಲ್ ಸ್ಕೇಲ್ ಅಂಟಿಸಿದರೆ ಮುಗಿಯಿತು. ಒಂದು ತುದಿ ಬಯಲಿಗೆ, ಇನ್ನೊಂದು ತುದಿ ಬ್ಲೋವರಿಗೂ ಫಿಲ್ಟರಿಗೂ ನಡುವಿನ ತಗಡಿನ ಬಳೆಯಲ್ಲಿ ಕೊರೆದ 6 ಮಿ.ಮೀ. ತೂತಿಗೆ. ಫಿಲ್ಟರಿನ ಆಚೆ ಬದಿ ಶೆಡ್ಡಿನ ಗಾಳಿಯೇ ಆದ್ದರಿಂದ, ಎರಡು ಕಾಲುಗಳ ನೀರಿನ ಎತ್ತರದ ವ್ಯತ್ಯಾಸವೇ ಫಿಲ್ಟರ್ ಒಡ್ಡುವ ತಡೆ. ಒಂದು ಮಿ.ಮೀ. ನೀರು ಎಂದರೆ ಸುಮಾರು 9.8 ಪಾಸ್ಕಲ್.

ತೂತು ಕೊರೆದ ಮೇಲೆ ಒಳಬದಿಯ ಬರ್ರ್ ಅರದಿಂದ ಉಜ್ಜಿ ನುಣುಪು ಮಾಡಬೇಕು. ಎದ್ದು ನಿಂತ ಲೋಹದ ಅಂಚು ಹರಿಯುವ ಗಾಳಿಯನ್ನು ತಡೆದು ಸುಳ್ಳು ಅಳತೆ ತೋರಿಸುತ್ತದೆ. ಇನ್ನೊಂದು ಷರತ್ತು: ಅಳೆಯುವಾಗ ಯಾವಾಗಲೂ ಅದೇ ಗೇಟ್ ತೆರೆದಿರಬೇಕು. ಫಿಲ್ಟರಿನ ತಡೆ ಅದರ ಮೂಲಕ ಹಾಯುವ ಗಾಳಿಯ ಪ್ರಮಾಣವನ್ನು ಅವಲಂಬಿಸಿದೆ. ಇವತ್ತು ಒಂದು ಗೇಟ್, ನಾಳೆ ಮೂರು ಗೇಟ್ ತೆರೆದು ಅಳೆದರೆ ಆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಇಲ್ಲಿ ಟೇಬಲ್ ಸಾ ಗೇಟ್ ಮಾತ್ರ ತೆರೆದು, ಬ್ಲೋವರ್ ಹತ್ತು ನಿಮಿಷ ಓಡಿದ ಮೇಲೆ ಅಳೆಯುವುದೆಂದು ಗೊತ್ತು ಮಾಡಿದ್ದಾಯಿತು.

ಬುಧವಾರ ಸಂಜೆಯ ಅಳತೆ: ನೀರಿನ ವ್ಯತ್ಯಾಸ 190 ಮಿ.ಮೀ. ಡಕ್ಟಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 11 ಮೀಟರ್, 150 ಮಿ.ಮೀ. ಡಕ್ಟಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 700 ಘನ ಮೀಟರ್. ಮರದ ದೂಳು ಡಕ್ಟಿನಲ್ಲಿ ಕೂರದೆ ಸಾಗಲು ಸೆಕೆಂಡಿಗೆ 20 ಮೀಟರಿನ ಆಸುಪಾಸಿನ ವೇಗ ಬೇಕು. 11 ಮೀಟರಿನಲ್ಲಿ ಅಡ್ಡ ಡಕ್ಟಿನ ತಳದಲ್ಲಿ ದೂಳು ಮಲಗುತ್ತದೆ, ಮಲಗಿದ ದೂಳು ಡಕ್ಟನ್ನೇ ಕಿರಿದು ಮಾಡುತ್ತದೆ.

ಮೋಟಾರಿನ ಕರೆಂಟ್ ಕ್ಲಾಂಪ್ ಮೀಟರಿನಲ್ಲಿ 3.0 ಆಂಪಿಯರ್. ಇದನ್ನು ನೋಡಿ ಶೆಡ್ಡಿನವರಿಗೆ ಸಮಾಧಾನವಾಗಿತ್ತು, ಮೋಟಾರ್ ಮೇಲೆ ಭಾರ ಬಿದ್ದಿಲ್ಲವಲ್ಲ ಎಂದು. ವಾಸ್ತವ ತಿರುಗುಮುರುಗು. ಫಿಲ್ಟರ್ ಕಟ್ಟಿದರೆ ಬ್ಲೋವರ್ ಹೆಚ್ಚು ಕಷ್ಟಪಡುತ್ತದೆ, ಆಂಪ್ಸ್ ಏರುತ್ತದೆ ಎನ್ನುವುದು ಎಲ್ಲ ಶೆಡ್ಡಿನಲ್ಲೂ ಇರುವ ನಂಬಿಕೆ. ಬ್ಲೋವರಿನ ಕೆಲಸ ಗಾಳಿ ಸಾಗಿಸುವುದು. ಸಾಗುವ ಗಾಳಿ ಕಡಿಮೆಯಾದರೆ ಮೋಟಾರ್ ತೆಗೆದುಕೊಳ್ಳುವ ವಿದ್ಯುತ್ತೂ ಇಳಿಯುತ್ತದೆ. ಇದೇ ಮೋಟಾರ್ ಚೊಕ್ಕ ಫಿಲ್ಟರಿನಲ್ಲಿ 3.9 ಆಂಪಿಯರ್ ಎಳೆಯಬೇಕು. ಆಂಪ್ಸ್ ಇಳಿದಿದೆ ಎಂದರೆ ಎಲ್ಲೋ ದಾರಿ ಕಟ್ಟಿದೆ ಎಂದೇ ಓದಬೇಕು. ಬೆಂಗಳೂರಿನಂಥ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಬ್ಲೋವರಿನ ಒತ್ತಡವೂ ಅಷ್ಟೇ ಕಡಿಮೆ. ಕಂಪನಿಯ ಹಾಳೆಯಲ್ಲಿ ಬರೆದ ಅಂಕಿ ಇಲ್ಲಿ ಪೂರ್ತಿ ಸಿಗುವುದಿಲ್ಲ. ಫಿಲ್ಟರಿನಲ್ಲಿ ಒತ್ತಡ ಪೋಲು ಮಾಡಲು ಇಲ್ಲಿಯವರಿಗೆ ಅವಕಾಶ ಇನ್ನೂ ಚಿಕ್ಕದು.

ಡ್ರಮ್ ಹೇಳಿದ ಸತ್ಯ

ಫಿಲ್ಟರ್ ಕಟ್ಟಿದೆ ಎಂಬುದು ಖಚಿತವಾಯಿತು. ಏಕೆ ಕಟ್ಟುತ್ತಿದೆ? ಇದಕ್ಕೆ ಉತ್ತರ ಫಿಲ್ಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ದೂಳು ಎಲ್ಲಿ ಬೀಳಬೇಕಿತ್ತು, ಎಲ್ಲಿ ಬೀಳುತ್ತಿದೆ ಎಂದು ತೂಕ ಹಾಕಬೇಕು.

ಎರಡು ದಿನದ ಕೆಲಸದ ದೂಳನ್ನು ಬೇರೆ ಬೇರೆ ತೂಗಿದಾಗ ಡ್ರಮ್ಮಿನಲ್ಲಿ 18 ಕೆ.ಜಿ., ಫಿಲ್ಟರಿನ ಕೆಳಗಿನ ಚೀಲದಲ್ಲಿ 11 ಕೆ.ಜಿ. ಸೈಕ್ಲೋನ್ ಸರಿಯಿದ್ದರೆ ಎಂಡಿಎಫ್ ದೂಳಿನಲ್ಲೂ ಚೀಲಕ್ಕೆ ಬೀಳುವುದು ಕೆಲವು ನೂರು ಗ್ರಾಂ ಮಾತ್ರ. ಆಮೇಲೆ ವಿಚಾರಿಸಿದಾಗ ಸಿಕ್ಕ ಸುಳಿವು: ಮೊದಲು ಡ್ರಮ್ಮನ್ನು ನಾಲ್ಕು ದಿನಕ್ಕೊಮ್ಮೆ ಖಾಲಿ ಮಾಡುತ್ತಿದ್ದರು, ಈಗ ವಾರಕ್ಕೊಮ್ಮೆ ಸಾಕಾಗುತ್ತಿತ್ತು. ಕೆಲಸ ಕಡಿಮೆಯಾಗಿರಲಿಲ್ಲ. ಡ್ರಮ್ ನಿಧಾನ ತುಂಬುತ್ತಿದೆ ಎಂಬುದನ್ನು ಎಲ್ಲರೂ ಅನುಕೂಲವೆಂದೇ ತಿಳಿದಿದ್ದರು.

ಸೈಕ್ಲೋನಿನ ಕೆಲಸ ಹೀಗೆ: ಗಾಳಿ ಗೋಡೆಗೆ ಒರಸಿಕೊಂಡು ಸುಳಿಯಾಗಿ ಕೆಳಗಿಳಿಯುತ್ತದೆ, ದೂಳು ಗೋಡೆಗೆ ಸರಿದು ಜಾರಿ ಡ್ರಮ್ಮಿಗೆ ಬೀಳುತ್ತದೆ, ಗಾಳಿ ಮಾತ್ರ ನಡುವಿನ ಸುಳಿಯಲ್ಲಿ ಮೇಲೇರುತ್ತದೆ. ಆ ನಡುಸುಳಿಯ ಬುಡ ಇರುವುದು ಸರಿಯಾಗಿ ಡ್ರಮ್ಮಿನ ಬಾಯಿಯಲ್ಲಿ. ಡ್ರಮ್ಮಿನ ಮುಚ್ಚಳದ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗಿದರೆ, ಆಗಷ್ಟೇ ಬಿದ್ದ ಸಣ್ಣ ದೂಳನ್ನು ಎತ್ತಿಕೊಂಡು ನೇರ ನಡುಸುಳಿಗೆ ಸೇರಿಸುತ್ತದೆ. ದಪ್ಪ ಹೊಟ್ಟು ಬಿದ್ದೇ ಬೀಳುತ್ತದೆ. ಎಂಡಿಎಫ್‌ನ ಹಿಟ್ಟು ಮಾತ್ರ ಮೇಲಕ್ಕೆ ಹೋಗುತ್ತದೆ. ಹಲಸು, ತೇಗದ ಪ್ಲೇನರ್ ಹೊಟ್ಟು ಬರುವ ಶೆಡ್ಡಿನಲ್ಲಿ ಇದೇ ಸೋರಿಕೆ ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಇರಬಹುದು. ಎಂಡಿಎಫ್ ಶೆಡ್ಡಿನಲ್ಲಿ ವಾರದೊಳಗೆ ಫಿಲ್ಟರ್ ಕೂಗುತ್ತದೆ.

ಸೋರಿಕೆ ಹುಡುಕಲು ಊದುಬತ್ತಿ ಹಚ್ಚಿ ಹಿಡಿಯುವವರಿದ್ದಾರೆ. ಇದು ದೊಡ್ಡ ತಪ್ಪು. ಸಂದಿಯಿಂದ ಒಳಗೆ ಎಳೆಯುವ ಗಾಳಿ ಕಿಡಿಯನ್ನೂ ಎಳೆದುಕೊಳ್ಳುತ್ತದೆ, ಅತ್ತ ಕಡೆ ಇರುವುದು ಒಣ ಮರದ ಹಿಟ್ಟು. ಟಿಶ್ಯೂ ಕಾಗದದ ಎರಡು ಬೆರಳಗಲದ ಪಟ್ಟಿ ಸಾಕು. ಬ್ಲೋವರ್ ಓಡುವಾಗ ಮುಚ್ಚಳದ ಸುತ್ತ ನಿಧಾನಕ್ಕೆ ಪಟ್ಟಿ ಸುತ್ತಿಸಿದರೆ, ಸೋರುವ ಕಡೆ ಪಟ್ಟಿ ಸಂದಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಮುಚ್ಚಳದ ಸುತ್ತಳತೆಯ ಕಾಲು ಭಾಗದಷ್ಟು ಉದ್ದಕ್ಕೆ ಅಂಟಿಕೊಂಡಿತು. ಮುಚ್ಚಳದ ಅಡಿಯ ಸ್ಪಂಜಿನ ಪಟ್ಟಿ ಒಂದು ಬದಿ ಹಪ್ಪಳದಂತೆ ಚಪ್ಪಟೆಯಾಗಿ ಒಣಗಿತ್ತು. ಡ್ರಮ್ಮಿನ ಅಂಚು ಆ ಜಾಗದಲ್ಲಿ ನೆಗ್ಗಿತ್ತು. ಖಾಲಿ ಮಾಡುವಾಗ ಡ್ರಮ್ಮನ್ನು ಸಿಮೆಂಟ್ ಕಟ್ಟೆಗೆ ಕುಟ್ಟುವ ಅಭ್ಯಾಸದ ಫಲ ಅದು. ಸೈಕ್ಲೋನಿಗೂ ಮುಚ್ಚಳಕ್ಕೂ ನಡುವಿನ ಸುರುಳಿ ಹೋಸಿನ ಕ್ಲಾಂಪೂ ಸಡಿಲವಾಗಿತ್ತು.

ರಿಪೇರಿಯಲ್ಲಿ ಹೇಳುವಂಥ ಜಾಣತನವೇನೂ ಇಲ್ಲ. ಡ್ರಮ್ಮಿನ ಅಂಚನ್ನು ಮರದ ಕೊಡತಿಯಿಂದ ನೇರ ಮಾಡಿ, ಹಳೆ ಸ್ಪಂಜನ್ನು ಪೂರ್ತಿ ಕೆರೆದು, 20 ಮಿ.ಮೀ. ಅಗಲ 12 ಮಿ.ಮೀ. ದಪ್ಪದ ಮುಚ್ಚುರಂಧ್ರದ ರಬ್ಬರ್ ಪಟ್ಟಿ ಅಂಟಿಸಿದ್ದು. ತೆರೆದ ರಂಧ್ರದ ಹಾಸಿಗೆ ಸ್ಪಂಜು ಬೇಡ, ಅದರೊಳಗಿಂದಲೇ ಗಾಳಿ ಹಾಯುತ್ತದೆ. ಪಟ್ಟಿಯ ಎರಡು ತುದಿ ಸೇರುವ ಜಾಗವನ್ನು ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿದರೆ ಅಲ್ಲಿ ಬಿರುಕು ಬಿಡುವುದಿಲ್ಲ. ಹೋಸಿಗೆ ಹೊಸ ಕ್ಲಾಂಪ್ ಹಾಕಿದ್ದಾಯಿತು. ಅದರ ಮಾರನೆಯ ಎರಡು ದಿನದ ತೂಕ: ಡ್ರಮ್ಮಿನಲ್ಲಿ 29 ಕೆ.ಜಿ., ಚೀಲದಲ್ಲಿ 700 ಗ್ರಾಂ. ಫಿಲ್ಟರನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ಫಿಲ್ಟರ್ ಬಿಚ್ಚಿದಾಗ

ಸೋರಿಕೆ ನಿಂತ ಮಾತ್ರಕ್ಕೆ ಕಟ್ಟಿದ ಫಿಲ್ಟರ್ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಕೆಳಗಿಳಿಸಿ ನೋಡಿದಾಗ ಮೂರು ಥರದ ಹಾನಿ ಒಟ್ಟಿಗೆ ಕಂಡವು.

ಕೆಳಗಿನ ಮೂರನೇ ಒಂದು ಭಾಗದಲ್ಲಿ ನೆರಿಗೆಗಳ ನಡುವೆ ದೂಳು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಕೆಳಗಿನ ಚೀಲ ತುಂಬಿದರೂ ಬದಲಿಸದೆ ಓಡಿಸಿದ್ದರಿಂದ ದೂಳು ಮೇಲಕ್ಕೆ ಬೆಳೆದು ನೆರಿಗೆಯೊಳಗೇ ಹೊಕ್ಕಿತ್ತು. ಆ ಭಾಗದ ಬಟ್ಟೆ, ಅಂದರೆ ಸೋಸುವ ಹಾಳೆ, ಕೆಲಸಕ್ಕೆ ಇಲ್ಲ; ಉಳಿದ ಎರಡು ಭಾಗದ ಮೇಲೆ ಎಲ್ಲ ಗಾಳಿಯೂ ಬೀಳುತ್ತದೆ, ಅಲ್ಲಿ ವೇಗ ಒಂದೂವರೆ ಪಟ್ಟು. ವೇಗ ಹೆಚ್ಚಿದಷ್ಟೂ ದೂಳು ಬಟ್ಟೆಯ ಮೇಲ್ಮೈಯಲ್ಲಿ ನಿಲ್ಲದೆ ಎಳೆಗಳ ಒಳಕ್ಕೆ ನಾಟುತ್ತದೆ. ಒಳಕ್ಕೆ ನಾಟಿದ್ದನ್ನು ಯಾವ ಗಾಳಿಯೂ ಪೂರ್ತಿ ತೆಗೆಯಲಾರದು.

ಎರಡನೆಯದು ತೊಳೆದ ಗುರುತು. ಜೂನ್‌ನಲ್ಲಿ ಯಾರೋ ಒಮ್ಮೆ ಫಿಲ್ಟರಿಗೆ ಪೈಪ್ ನೀರು ಹಿಡಿದು, ರಾತ್ರಿಯಿಡೀ ಒಣಗಿಸಿ, ಬೆಳಿಗ್ಗೆ ಹಾಕಿದ್ದರು. ಈ ಫಿಲ್ಟರಿನ ಲೇಬಲ್ಲಿನಲ್ಲಿ ಸೆಲ್ಯುಲೋಸ್ ಶೇಕಡ 80, ಪಾಲಿಯೆಸ್ಟರ್ ಶೇಕಡ 20 ಎಂದಿತ್ತು, ಅಂದರೆ ಮುಖ್ಯವಾಗಿ ಕಾಗದ. ನೆನೆದ ಕಾಗದದ ನೆರಿಗೆ ಬಿಗಿ ಕಳೆದುಕೊಂಡು ಒಂದಕ್ಕೊಂದು ವಾಲುತ್ತದೆ. ಜೊತೆಗೆ ಮಳೆಗಾಲದ ಒಂದು ರಾತ್ರಿಯಲ್ಲಿ ನೆರಿಗೆಯ ಬುಡ ಒಣಗುವುದೇ ಇಲ್ಲ. ಹಸಿ ಬಟ್ಟೆಯ ಮೇಲೆ ಎಂಡಿಎಫ್ ದೂಳು ಬಿದ್ದರೆ ಮೊದಲು ಗಂಜಿ, ಒಣಗಿದ ಮೇಲೆ ಕರಟ. ಶೇಕಡ 100 ಪಾಲಿಯೆಸ್ಟರಿನ ಫಿಲ್ಟರನ್ನು ತಯಾರಕರು ಅನುಮತಿಸಿದ್ದರೆ ತೊಳೆಯಬಹುದು. ಆಗಲೂ ಉಗುರು ಬೆಚ್ಚಗಿನ ನೀರು, ಕಡಿಮೆ ಒತ್ತಡ, ಚೊಕ್ಕ ಬದಿಯಿಂದ ಕೊಳೆ ಬದಿಗೆ, ಆಮೇಲೆ ನೆರಳಿನಲ್ಲಿ ಗಾಳಿಯಾಡುವ ಕಡೆ ಕನಿಷ್ಠ ಎರಡು ದಿನ. ಬದಲಿಗೆ ಹಾಕಲು ಇನ್ನೊಂದು ಫಿಲ್ಟರ್ ಇಲ್ಲದ ಶೆಡ್ಡಿನವರು ತೊಳೆಯುವ ಯೋಚನೆಯನ್ನೇ ಮಾಡದಿರುವುದು ಲೇಸು, ಏಕೆಂದರೆ ಎರಡು ದಿನ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಮೂರನೆಯದು, ಮೇಲಿನ ಭಾಗದಲ್ಲಿ ನೆರಿಗೆಯ ತುದಿಗಳು ನವಿರೆದ್ದು ಕೆಲವೆಡೆ ಹರಿದಿದ್ದವು. ಪ್ರತಿ ಶನಿವಾರ ಕಂಪ್ರೆಸರಿನ 8 ಬಾರ್ ಗಾಳಿಯನ್ನು ರೆಗ್ಯುಲೇಟರ್ ಇಲ್ಲದೆ, ಏರ್ ಗನ್ ಮೂತಿಯನ್ನು ಬಟ್ಟೆಗೆ ತಾಗಿಸಿ, ಅದೂ ಒಳಗಿನಿಂದ ಹೊರಕ್ಕೆ ಊದಲಾಗುತ್ತಿತ್ತು. ಕೆಲಸ ಮಾಡುವಾಗ ಗಾಳಿ ಹೋಗುವ ದಿಕ್ಕೂ ಅದೇ. ಅಂದರೆ ದೂಳನ್ನು ಹೊರತೆಗೆಯುವ ಬದಲು ಇನ್ನಷ್ಟು ಒಳಕ್ಕೆ ಗಿಡಿದಂತಾಯಿತು. ಸೋಮವಾರ ಎಳೆತ ಚೆನ್ನಾಗಿ ಕಂಡದ್ದೇಕೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ: ಸ್ವಲ್ಪ ದೂಳು ಉದುರಿದ್ದು ನಿಜ, ಉಳಿದದ್ದು ಹೊಸ ಹೊಸ ತೂತುಗಳು ಕೊಟ್ಟ ಸಲೀಸು. ತೂತಿರುವ ಫಿಲ್ಟರ್ ಗಾಳಿಯನ್ನು ಚೆನ್ನಾಗಿಯೇ ಬಿಡುತ್ತದೆ, ಗೋಡೆಯ ಮೇಲಿನ ಬಿಳಿ ಹಿಟ್ಟು ಅದಕ್ಕೆ ಸಾಕ್ಷಿ.

ಆ ಹಿಟ್ಟು ಬರೀ ಗಲೀಜಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲ ಕುಳಿಗಳ ಕ್ಯಾನ್ಸರ್ ಅದರಲ್ಲಿ ಮುಖ್ಯ. ಎಂಡಿಎಫ್‌ನ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಈಗ ಅದೇ ಗುಂಪಿನಲ್ಲಿದೆ. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಹೋಗುತ್ತದೆ. ಫಿಲ್ಟರಿನ ತೂತಿನಿಂದ ಬರುವ ಸಣ್ಣ ದೂಳು ಗಂಟೆಗಟ್ಟಲೆ ತೇಲುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುವುದು ಅದೇ.

ಊದಿದ ಕ್ರಮ

ಈ ಫಿಲ್ಟರ್ ಬದಲಿಸಲೇಬೇಕು ಎನ್ನುವುದು ನೋಡಿದ ತಕ್ಷಣ ಗೊತ್ತಾಗಿತ್ತು. ಆದರೂ ಒಮ್ಮೆ ಸರಿಯಾದ ಕ್ರಮದಲ್ಲಿ ಶುಚಿ ಮಾಡಿ ಅಳೆಯಲಾಯಿತು, ಎಷ್ಟು ವಾಪಸ್ ಬರುತ್ತದೆ ಎಂದು ತಿಳಿಯಲು, ಶೆಡ್ಡಿನವರ ಕೈಗೆ ಕ್ರಮ ಹತ್ತಿಸಲು.

ಬ್ಲೋವರ್ ನಿಲ್ಲಿಸಿ, ಐಸೊಲೇಟರ್ (ವಿದ್ಯುತ್ ಪೂರ್ತಿ ಕಡಿಯುವ ಸ್ವಿಚ್) ಇಳಿಸಿ, ಫ್ಯೂಸ್ ಕ್ಯಾರಿಯರ್ ಕಿತ್ತು ಕೆಲಸ ಮಾಡುವವನ ಜೇಬಿಗೇ ಹಾಕಿಕೊಂಡದ್ದು ಮೊದಲ ಹೆಜ್ಜೆ. ಸ್ವಿಚ್ ಆಫ್ ಇದೆ ಎಂಬ ಬಾಯಿಮಾತು ಸಾಲದು. ಆಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಬಿಟ್ಟದ್ದು, ಒಳಗೆ ತೇಲುವ ದೂಳು ಕೂರಲಿ ಎಂದು. ಈ ಫಿಲ್ಟರಿಗೆ ಮೇಲೆ ತಿರುಗಿಸುವ ಹಿಡಿ ಇದೆ, ಒಳಗೆ ಅದಕ್ಕೆ ಜೋಡಿಸಿದ ಪ್ಲಾಸ್ಟಿಕ್ ಪಟ್ಟಿ ನೆರಿಗೆಗಳನ್ನು ತಟ್ಟುತ್ತದೆ. ನಿಧಾನಕ್ಕೆ ಹತ್ತು ಸುತ್ತು ಬಲಕ್ಕೆ, ಹತ್ತು ಸುತ್ತು ಎಡಕ್ಕೆ, ಐದು ನಿಮಿಷ ಬಿಡುವು, ಮತ್ತೆ ಅಷ್ಟೇ. ರುಬ್ಬುವ ಗುಂಡಿನಂತೆ ಗರಗರ ತಿರುಗಿಸಿದರೆ ಪಟ್ಟಿ ನೆರಿಗೆಗಳ ಮೇಲೆ ಹಾರಿಹಾರಿ ಹೋಗುತ್ತದೆ, ದೂಳು ಉದುರುವುದಿಲ್ಲ, ಬಟ್ಟೆ ಸವೆಯುವುದೊಂದೇ ಲಾಭ. ಹಿಡಿ ತಿರುಗಿಸುವಾಗ ಬ್ಲೋವರ್ ಓಡುತ್ತಿರಬಾರದು. ಗಾಳಿ ದೂಳನ್ನು ಬಟ್ಟೆಗೆ ಅದುಮಿ ಹಿಡಿದಿರುತ್ತದೆ.

ಕೆಳಗಿನ ಚೀಲವನ್ನು ಬಾಯಿ ಕಟ್ಟಿಯೇ ಬಿಚ್ಚಿ, ಫಿಲ್ಟರನ್ನು ದೊಡ್ಡ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೊರಗೆ ಒಯ್ಯಲಾಯಿತು. ತೂಕ 15.8 ಕೆ.ಜಿ. ಶೆಡ್ಡಿನ ಒಳಗೆ ಊದುವುದು ಬೇಡವೇ ಬೇಡ. ಉಸಿರಾಟದ ತೊಂದರೆ ಒಂದು ಕಡೆ, ಬೆಂಕಿಯ ಅಪಾಯ ಇನ್ನೊಂದು ಕಡೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಾಮಿಲ್ಲುಗಳು ಮರದ ದೂಳು ಸಿಡಿದು ನಾಶವಾದವು, ಒಂದೊಂದರಲ್ಲೂ ಇಬ್ಬರು ಸತ್ತರು. ಅವು ನಮ್ಮ ಶೆಡ್ಡುಗಳಿಗಿಂತ ಎಷ್ಟೋ ಪಟ್ಟು ದೊಡ್ಡವು, ನಿಜ. ಆದರೆ ತೊಲೆ, ಟ್ಯೂಬ್‌ಲೈಟ್, ಕೇಬಲ್ ಟ್ರೇ ಮೇಲೆ ಕೂತ ಒಣ ಹಿಟ್ಟು ಒಮ್ಮೆಗೆ ಗಾಳಿಗೆದ್ದರೆ ಕಿಡಿಗೆ ಸಣ್ಣ ಶೆಡ್, ದೊಡ್ಡ ಮಿಲ್ ಎಂಬ ಭೇದವಿಲ್ಲ.

ಹೊರಗೆ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು, ಕನಿಷ್ಠ ಎನ್95 ದರ್ಜೆಯ ಮುಖಗವಸು, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ಕರ್ಚೀಫ್ ಕಟ್ಟಿಕೊಳ್ಳುವುದು ಮನಸ್ಸಿನ ಸಮಾಧಾನಕ್ಕೆ ಮಾತ್ರ. ಮೊದಲು ಒಳಬದಿಯನ್ನು ವ್ಯಾಕ್ಯೂಮಿನ ಮೆತ್ತನೆ ಬ್ರಷ್ ಮೂತಿಯಿಂದ ಎಳೆದದ್ದು, ಸಡಿಲ ದೂಳಿನ ಬಹುಪಾಲು ಹೀಗೇ ಬಂತು. ಆಮೇಲೆ ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತೆರೆದು ನೀರು ಬಿಟ್ಟದ್ದು. ಮಳೆಗಾಲವಾದ್ದರಿಂದ ಒಂದು ಲೋಟದಷ್ಟು ನೀರಿತ್ತು, ಬಿಡದಿದ್ದರೆ ಅದೆಲ್ಲ ಸಿಂಪಡಣೆಯಾಗಿ ಕಾಗದದ ಮೇಲೆ ಬೀಳುತ್ತಿತ್ತು. ರೆಗ್ಯುಲೇಟರಿನಲ್ಲಿ ಒತ್ತಡ 2 ಬಾರ್. ಏರ್ ಗನ್ನನ್ನು ಹೊರಬದಿಯಲ್ಲಿ, ಅಂದರೆ ಚೊಕ್ಕ ಬದಿಯಲ್ಲಿ, ಜಾಲರಿಯಿಂದ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಸುಮಾರು 150 ಮಿ.ಮೀ. ದೂರ ಹಿಡಿದು, ನೆರಿಗೆಯ ಗುಂಟ ಮೇಲಿನಿಂದ ಕೆಳಕ್ಕೆ ಒಂದೊಂದು ಸಾಲಾಗಿ. ಅಡ್ಡಡ್ಡ ಊದಿದರೆ ನೆರಿಗೆ ಮಗುಚುತ್ತದೆ. ಒಂದು ಪೂರ್ತಿ ಸುತ್ತಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಹೀಗೆ ಎರಡು ಸುತ್ತು.

ಬಟ್ಟೆ ಹೊಸದರಂತೆ ಬೆಳ್ಳಗಾಗುವ ತನಕ ಊದಬೇಕು ಎಂಬ ಹಟ ಬೇಡ. ನೆರಿಗೆಯ ಮೇಲೆ ಉಳಿಯುವ ತೆಳು ದೂಳಿನ ಪದರವೇ ಅತಿ ಸಣ್ಣ ಕಣಗಳನ್ನು ಹಿಡಿಯುವುದು. ಬಟ್ಟೆ ಆ ಪದರಕ್ಕೆ ಆಧಾರ ಮಾತ್ರ. ಹೊಸ ಫಿಲ್ಟರ್ ಮೊದಲ ಒಂದೆರಡು ದಿನ ಸ್ವಲ್ಪ ದೂಳು ಬಿಡುವುದೂ, ಆಮೇಲೆ ತಾನೇ ನಿಲ್ಲುವುದೂ ಇದೇ ಕಾರಣಕ್ಕೆ. ಗೋಡೆಗೋ ನೆಲಕ್ಕೋ ಕುಟ್ಟುವುದಂತೂ ಕೂಡದು. ನೆರಿಗೆಗಳನ್ನು ಮೇಲೆ ಕೆಳಗೆ ಹಿಡಿದಿರುವುದು ಅಂಟು. ಅಂಟು ಬಿರಿದರೆ ದೂಳು ಬಟ್ಟೆಯ ಮೂಲಕ ಹೋಗುವ ಗೋಜಿಗೇ ಹೋಗದೆ ಅಂಚಿನಿಂದ ಹೊರಬೀಳುತ್ತದೆ.

ಊದಿದ ಮೇಲೆ ತೂಕ 12.9 ಕೆ.ಜಿ. ಹತ್ತಿರ ಹತ್ತಿರ ಮೂರು ಕೆ.ಜಿ. ದೂಳು ಹೋಗಿತ್ತು. ಕತ್ತಲಾದ ಮೇಲೆ ಒಳಗೆ ಎಲ್‌ಇಡಿ ಟಾರ್ಚ್ ಇಟ್ಟು ನೋಡಿದಾಗ ನಕ್ಷತ್ರದಂತೆ ಹದಿನಾಲ್ಕು ತೂತು, ಮೇಲಿನ ಅಂಟಿನ ಗುಂಟ ಬೆರಳುದ್ದದ ಒಂದು ಬಿರುಕು. ಹಳೆಯ ಬಿಸಿ ಬಲ್ಬನ್ನು ಈ ಪರೀಕ್ಷೆಗೆ ಬಳಸಬಾರದು. ಮತ್ತೆ ಜೋಡಿಸಿ ಅಳೆದಾಗ 110 ಮಿ.ಮೀ. ನೀರು, ಸೆಕೆಂಡಿಗೆ 15.7 ಮೀಟರ್, ಗಂಟೆಗೆ 1,000 ಘನ ಮೀಟರ್. ಇಷ್ಟು ತೂತಿದ್ದೂ ಇಷ್ಟು ತಡೆ ಎಂದರೆ ಬಟ್ಟೆಯ ಒಳಗೇ ದೂಳು ನಾಟಿದೆ ಎಂದರ್ಥ. ಎರಡು ಮೂರು ತೂತಾಗಿದ್ದರೆ ಸಿಲಿಕೋನ್ ಹಚ್ಚಿ ಸ್ವಲ್ಪ ಕಾಲ ದೂಡಬಹುದಿತ್ತು, ಇದಕ್ಕೆ ಆ ಖರ್ಚೂ ದಂಡ.

ಬದಲಿ

ಹಳೆಯದರಲ್ಲಿ 160 ನೆರಿಗೆ, ಲೇಬಲ್ಲಿನಲ್ಲಿ 13 ಚದರ ಮೀಟರ್ ಬಟ್ಟೆ. ಹೊಸದಾಗಿ ತಂದದ್ದು ಅದೇ ಅಳತೆಯ, 900 ಮಿ.ಮೀ. ಎತ್ತರ 500 ಮಿ.ಮೀ. ವ್ಯಾಸದ, ಪೂರ್ತಿ ಪಾಲಿಯೆಸ್ಟರಿನದು: ನೆರಿಗೆ 120, ಆಳ 45 ಮಿ.ಮೀ., ಬಟ್ಟೆ 9.7 ಚದರ ಮೀಟರ್. ಕಡಿಮೆ ಬಟ್ಟೆಯದನ್ನು ಏಕೆ ತಂದಿರಿ ಎಂಬ ಪ್ರಶ್ನೆ ಬಂತು, ನ್ಯಾಯವಾದ ಪ್ರಶ್ನೆಯೇ. ಕೊಳೆ ಬದಿ ಇರುವುದು ಒಳಗೆ, ಒಳಗಿನ ವ್ಯಾಸ 410 ಮಿ.ಮೀ. 160 ನೆರಿಗೆ ತುರುಕಿದರೆ ಒಂದು ನೆರಿಗೆಗೂ ಇನ್ನೊಂದಕ್ಕೂ ಸಿಗುವುದು 8 ಮಿ.ಮೀ.; 120 ಇದ್ದರೆ 10.7 ಮಿ.ಮೀ. ಇಕ್ಕಟ್ಟಾದ ನೆರಿಗೆಯಲ್ಲಿ ಎಂಡಿಎಫ್ ಹಿಟ್ಟು ಸೇತುವೆ ಕಟ್ಟಿ ಕೂತರೆ ಆಳದ ಬಟ್ಟೆಯೆಲ್ಲ ಲೆಕ್ಕಕ್ಕಷ್ಟೇ. ಉದುರಬಲ್ಲ 9.7 ಚದರ ಮೀಟರ್, ಉದುರದ 13ಕ್ಕಿಂತ ಮೇಲು. ಗಟ್ಟಿ ಮರದ ಕೆಲಸವೇ ಹೆಚ್ಚಿರುವ ಶೆಡ್ಡಾಗಿದ್ದರೆ ಹಳೆಯ ಥರದ್ದೇ ಸಾಗುತ್ತಿತ್ತು.

ಕೂರಿಸುವಾಗ ತಳದ ಗ್ಯಾಸ್ಕೆಟ್ ಕೂರುವ ತಗಡಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ನಾಲ್ಕು ಕ್ಲಾಂಪುಗಳನ್ನು ಎದುರುಬದುರು ಬಿಗಿಯಲಾಯಿತು. ಒಂದು ದಿನ ಓಡಿದ ಮೇಲೆ ಆ ಅಂಚಿನ ಹೊರಗೆ ಧೂಮಕೇತುವಿನ ಬಾಲದಂಥ ದೂಳಿನ ಗೆರೆ ಕಂಡರೆ ಆ ಜಾಗದಲ್ಲಿ ಸೋರುತ್ತಿದೆ ಎಂದು ತಿಳಿಯಬೇಕು. ಇಲ್ಲಿ ಕಾಣಲಿಲ್ಲ. ಫಿಲ್ಟರಿನ ಹೊಸ ತೂಕವನ್ನೂ ಹಾಕಿದ ತಾರೀಖನ್ನೂ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟದ್ದಾಯಿತು.

ಮೊದಲ ದಿನದ ಅಳತೆ 30 ಮಿ.ಮೀ., ಸೆಕೆಂಡಿಗೆ 19.5 ಮೀಟರ್, ಗಂಟೆಗೆ 1,240 ಘನ ಮೀಟರ್, 3.9 ಆಂಪಿಯರ್. ಒಂದು ವಾರದ ಮೇಲೆ 40 ಮಿ.ಮೀ., ಸೆಕೆಂಡಿಗೆ 19 ಮೀಟರ್. ಗೋಡೆ ಒರೆಸಿ ಅಂಟಿಸಿದ ಕಪ್ಪು ಕಾಗದದ ಮೇಲೆ ಮೂರನೆಯ ದಿನದಿಂದ ಬಿಳಿ ಹಿಟ್ಟು ಕೂರಲಿಲ್ಲ.

ಮೊಳೆಗೆ ತೂಗುಹಾಕಿದ ಪುಸ್ತಕ

ಲೆವೆಲ್ ಪೈಪಿನ ಹಲಗೆಯನ್ನು ಬ್ಲೋವರ್ ಪಕ್ಕದ ಕಂಬಕ್ಕೆ ಶಾಶ್ವತವಾಗಿ ಹೊಡೆದು, 40ಕ್ಕೆ ಹಸಿರು ಟೇಪ್, 100ಕ್ಕೆ ಕೆಂಪು ಟೇಪ್ ಅಂಟಿಸಲಾಗಿದೆ. ಶನಿವಾರ ಬಂತೆಂದು ಫಿಲ್ಟರ್ ಮುಟ್ಟುವಂತಿಲ್ಲ. ಕೆಂಪು ಮುಟ್ಟಿದರೆ ಮಾತ್ರ. ಅಷ್ಟರೊಳಗೆ ಹಿಡಿ ತಿರುಗಿಸುವುದು ದಿನದ ಕೊನೆಗೆ ಒಂದು ಸಲ. ಬಿಚ್ಚಿ ಊದಿದ ಮೇಲೂ 70ಕ್ಕಿಂತ ಕೆಳಗೆ ಇಳಿಯದಿದ್ದರೆ ಹೊಸದು ತರುವ ಕಾಲ. ಡ್ರಮ್ ಮುಕ್ಕಾಲು ತುಂಬಿದಾಗಲೇ ಖಾಲಿ ಮಾಡಬೇಕು, ಏಕೆಂದರೆ ಸೈಕ್ಲೋನಿನ ಬಾಯಿವರೆಗೆ ತುಂಬಿದರೆ ಬರುವ ದೂಳೆಲ್ಲ ನೇರ ಫಿಲ್ಟರಿಗೇ. ಖಾಲಿ ಮಾಡಿದ ಪ್ರತಿ ಸಲವೂ ಮುಚ್ಚಳದ ಸುತ್ತ ಟಿಶ್ಯೂ ಪಟ್ಟಿ. ನೀರು ಆವಿಯಾಗುವುದರಿಂದ ಸೋಮವಾರ ಎರಡೂ ಕಾಲು ಸಮ ಇವೆಯೇ ಎಂದು ನೋಡಿ ಸ್ವಲ್ಪ ನೀರು ಸೇರಿಸಬೇಕು.

ಪುಸ್ತಕದಲ್ಲಿ ದಿನಕ್ಕೆ ಎರಡೇ ಅಂಕಿ, ನೀರಿನ ಎತ್ತರ ಮತ್ತು ಆಂಪ್ಸ್. ಎರಡೂ ಬೇಕು, ಏಕೆಂದರೆ ನೀರಿನ ಎತ್ತರ ಏರಿದರೆ ಅರ್ಥ ಒಂದೇ, ಇಳಿದರೆ ಅರ್ಥ ಎರಡು. ಊದದೆಯೇ ಎತ್ತರ ದಿಢೀರನೆ ಇಳಿದು ಆಂಪ್ಸ್ ಹಾಗೇ ಇದ್ದರೆ ಅಥವಾ ತುಸು ಏರಿದ್ದರೆ ಫಿಲ್ಟರ್ ಹರಿದಿದೆ. ಆಂಪ್ಸ್ ಕೂಡ ಇಳಿದಿದ್ದರೆ ಫಿಲ್ಟರಿಗೆ ಗಾಳಿಯೇ ಬರುತ್ತಿಲ್ಲ, ಅಡಚಣೆ ಅದಕ್ಕೂ ಮುಂಚೆ ಎಲ್ಲೋ ಇದೆ.

ಏಳನೆಯ ವಾರ ಒಂದು ಬೆಳಿಗ್ಗೆ 50 ಇದ್ದ ಅಂಕಿ 29ಕ್ಕೆ ಬಿತ್ತು, 3.8 ಇದ್ದ ಆಂಪ್ಸ್ 3.0ಕ್ಕೆ. ಫಿಲ್ಟರ್ ಬಿಚ್ಚಲು ಯಾರೋ ಆಗಲೇ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದರು. ಬಿಚ್ಚಿದ್ದು ಟೇಬಲ್ ಸಾ ಕವಲಿನ ಮೊದಲ ಮೊಣಕೈ. ಒಳಗೆ ಒಂದು ಮೊಳ ಉದ್ದದ ಲ್ಯಾಮಿನೇಟ್ ಚೂರು ಅಡ್ಡ ಸಿಕ್ಕಿಕೊಂಡಿತ್ತು, ಅದರ ಹಿಂದೆ ಒಂದು ಬೊಗಸೆ ಹೊಟ್ಟು.